ಉಸಿರಿನ ಪಾಲು

ರೈಲು ಹೊರಡುವ ಹೊತ್ತಿಗೆ ಗಿಣಿಯ ಅತ್ತೆ ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ಗುಬ್ಬಿಯ ಕೈ ಹಿಡಿದುಕೊಂಡರು. ಸೊಸೆ ಗಿಣಿ ಪಕ್ಕದಲ್ಲೇ ಕೂತಿದ್ದರೂ ಅತ್ತೆಯ ಮಾತೆಲ್ಲ ಗುಬ್ಬಿಯ ಜೊತೆಗೇ.

“ನಿನ್ನ ನಂಬಿ ಕಳಿಸ್ತಿದ್ದೀನಮ್ಮ. ನೀನು ಜೊತೆಗಿಲ್ಲ ಅಂದಿದ್ರೆ ಇವಳನ್ನ ಹೊಸ್ತಿಲು ದಾಟೋಕೆ ಬಿಡ್ತಿರಲಿಲ್ಲ. ನಾನು ಎಲ್ಲರ ಮುಂದೆ ಹೇಳಿದ್ದೀನಿ, ಹಾಡೋ ಕೆಲಸ ಇಬ್ರಿಗೂ ಸಿಕ್ಕಿದ್ರೆ ಇಬ್ರೂ ಅಲ್ಲೇ ಇರಿ. ಒಬ್ಬಳಿಗೇ ಅಂದ್ರೆ ಇಬ್ರೂ ವಾಪಸ್. ಆಡಿದ ಮಾತಿಗೆ ತಪ್ಪೋಳಲ್ಲ ನಾನು.”

“ಯೋಚನೆ ಬಿಡಿ ಅಮ್ಮಾ,” ಎಂದಳು ಗುಬ್ಬಿ. ಹಿಂದೆ ನಿಂತಿದ್ದ ಗಿಣಿಯ ಗಂಡ ಗಡಿಯಾರ ನೋಡಿಕೊಂಡ. ಅವನಿಗೆ ಔಷಧಿ ಅಂಗಡಿಯ ಬಾಗಿಲು ತೆಗೆಯುವ ಹೊತ್ತಾಗಿತ್ತು. ಹೆಂಡತಿ ಹೋಗುತ್ತಿರುವುದಕ್ಕಿಂತ ಅದೇ ಅವನಿಗೆ ದೊಡ್ಡ ಚಿಂತೆ ಎಂದು ಯಾರಾದರೂ ಹೇಳಬಹುದಿತ್ತು.

ಇಬ್ಬರಿಗೂ ಅಪ್ಪ ಅಮ್ಮ ಇಟ್ಟ ಹೆಸರುಗಳು ಬೇರೆ ಇದ್ದವು. ಸಂಗೀತದ ಮೇಷ್ಟ್ರು ಒಬ್ಬಳ ಚೂಪು ಮೂಗು ನೋಡಿ ಗಿಣಿ ಎಂದರು, ಇನ್ನೊಬ್ಬಳ ಗಾತ್ರ ನೋಡಿ ಗುಬ್ಬಿ ಎಂದರು, ಊರು ಅದನ್ನೇ ಹಿಡಿದುಕೊಂಡಿತು. “ಕೋಗಿಲೆ ಅಂತ ಯಾಕೆ ಇಡಲಿಲ್ಲ ಸಾರ್?” ಎಂದು ಗಿಣಿ ಎಂಟನೇ ವಯಸ್ಸಿನಲ್ಲೇ ಜಗಳ ತೆಗೆದಿದ್ದಳು. “ಕೋಗಿಲೆ ಹಾಡಿ ಹಾರಿ ಹೋಗ್ತದೆ. ನೀವಿಬ್ಬರೂ ನನಗೆ ಇಲ್ಲೇ ಬೇಕು,” ಎಂದಿದ್ದರು ಮೇಷ್ಟ್ರು. ಈಗ ಇಬ್ಬರೂ ನಲವತ್ತರ ಅಂಚಿಗೆ ಬಂದಿದ್ದರು, ಮೇಷ್ಟ್ರು ಹೋಗಿ ಎಷ್ಟೋ ವರ್ಷವಾಗಿತ್ತು. ಮದುವೆಯಲ್ಲಿ, ಬೀಳ್ಕೊಡುಗೆಯಲ್ಲಿ, ಸಾವಿನ ಮನೆಯಲ್ಲಿ, ಊರಿನ ಯಾವ ಸಭೆಯಲ್ಲಾದರೂ ಜೋಡಿ ಹಾಡು ಎಂದರೆ ಇವರದೇ.

ಇವರ ಹಾಡಿನಲ್ಲಿ ಒಂದು ಗುಟ್ಟಿತ್ತು. ಎಷ್ಟೇ ಉದ್ದದ ಸಾಲಿರಲಿ, ಅದು ಎಲ್ಲೂ ತುಂಡಾಗುತ್ತಿರಲಿಲ್ಲ. ಹುಡುಗಿಯರಿಬ್ಬರದೂ ಎದೆಗೂಡು ಸಣ್ಣದು ಎಂದು ಮೇಷ್ಟ್ರು ಉಸಿರನ್ನೇ ಪಾಲು ಮಾಡಿ ಕೊಟ್ಟಿದ್ದರು. ಈ ಪದದ ಕೊನೆಯಲ್ಲಿ ಗುಬ್ಬಿ ಉಸಿರೆಳೆದುಕೊಳ್ಳಬೇಕು, ಆಗ ಗಿಣಿ ದನಿ ನಿಲ್ಲಿಸಬಾರದು. ಮುಂದಿನ ತಿರುವಿನಲ್ಲಿ ಗಿಣಿಯದು ಸರದಿ, ಆಗ ಗುಬ್ಬಿ ಹಿಡಿದಿರಬೇಕು. ಪ್ರತಿ ಹಾಡಿಗೂ ಹೀಗೆ ನಿನ್ನದೆಲ್ಲಿ ನನ್ನದೆಲ್ಲಿ ಎಂದು ಗೊತ್ತು ಮಾಡಿ, ತಪ್ಪಿದರೆ ಬೆರಳ ಗೆಣ್ಣಿಗೆ ಅಡಿಕೋಲಿನಿಂದ ಕೊಡುತ್ತಿದ್ದರು. “ಕೇಳೋರಿಗೆ ನಿಮ್ಮ ಉಸಿರು ಕಾಣಬಾರದು,” ಎನ್ನುವುದು ಅವರ ಮಾತು. ಮೂವತ್ತು ವರ್ಷದಲ್ಲಿ ಅದು ಅಭ್ಯಾಸ ಹೋಗಿ ಮೈಯೇ ಆಗಿತ್ತು. ಗುಬ್ಬಿ ಬಟ್ಟೆ ಒಗೆಯುತ್ತ ಒಬ್ಬಳೇ ಗುನುಗಿಕೊಂಡರೂ ತನ್ನ ಉಸಿರಿನ ಜಾಗ ಬಂದರೆ ಸುಮ್ಮನಾಗಿ, ಮತ್ತೆ ಮುಂದಿನ ಪದಕ್ಕೆ ಸೇರಿಕೊಳ್ಳುತ್ತಿದ್ದಳು.

ಹೊರಟಿದ್ದು ಸಂಗೀತದ ಊರಿಗೆ. ಅಲ್ಲಿನ ದೊಡ್ಡ ಗಾಯನ ಮಂಡಳಿಗೆ ಹೊಸ ದನಿಗಳು ಬೇಕು, ತಿಂಗಳ ಸಂಬಳ, ಇರಲು ಒಂದು ಕೋಣೆ ಎಂಬ ಸುದ್ದಿ ತಂದವಳು ಗಿಣಿಯೇ. “ಇಬ್ರೂ ಹೋಗೋಣ ಕಣೇ. ಒಂದೇ ರೂಮು, ಬೆಳಗ್ಗೆಯಿಂದ ಸಾಯಂಕಾಲದವರೆಗೆ ಹಾಡು. ಯಾರ ಕಾಟವೂ ಇಲ್ಲ,” ಎಂದಿದ್ದಳು. ಕೇಳಿದ ಕ್ಷಣದಿಂದ ಗುಬ್ಬಿಯ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಅವಳದು ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಗಾಜು ಉಜ್ಜುವ ಕೆಲಸ. ತಿರುಗುವ ಕಲ್ಲು, ಅದರ ಮೇಲೆ ತೊಟ್ಟಿಕ್ಕುವ ನೀರು, ಚೌಕಟ್ಟಿಗೆ ಕೂರುವವರೆಗೂ ಗಾಜಿನ ಅಂಚು ಸವೆಸುತ್ತ ಕೂರುವುದು. ಸಂಜೆಗೆ ಬೆರಳ ತುದಿಗಳು ನೆನೆದು ಬೆಳ್ಳಗಾಗಿರುತ್ತಿದ್ದವು. ಆ ಕೆಲಸವನ್ನು ಅವಳು ಬಿಟ್ಟೇ ಬಂದಿದ್ದಳು. ರಜೆ ಹಾಕಿ ಹೋಗು ಎಂದು ಯಜಮಾನರು ಹೇಳಿದರೂ ಕೇಳದೆ, ಇನ್ನು ಬರೋದಿಲ್ಲ ಸಾರ್ ಎಂದು ದೊಡ್ಡದಾಗಿ ಹೇಳಿ ಕೈ ತೊಳೆದುಕೊಂಡಿದ್ದಳು. ಮರುದಿನವೇ ಅವರ ತಂಗಿಯ ಮಗಳು ಆ ಸ್ಟೂಲಿನ ಮೇಲೆ ಕೂತಿದ್ದಳು. ಮನೆ ಎಂದರೆ ಅಣ್ಣನ ಮನೆ. ಅತ್ತಿಗೆ ಕೆಟ್ಟವಳಲ್ಲ, ಆದರೆ ತುಂಬ ಚುರುಕು. ಗುಬ್ಬಿ ಚೀಲ ತುಂಬುತ್ತಿರುವಾಗಲೇ ಅವಳ ಮಂಚ ಹೊರಗೆ ಹೋಗಿ, ಹೊಲಿಗೆ ಯಂತ್ರ ಒಳಗೆ ಬಂದಿತ್ತು. “ಬಂದಾಗ ನಡುಮನೇಲಿ ಹಾಸ್ಕೋಬಹುದು ಬಿಡು,” ಎಂದಿದ್ದಳು ಅತ್ತಿಗೆ. ನಡುಮನೆಯಲ್ಲಿ ಹಾಸಿಕೊಳ್ಳಲು ಬರುವ ಮನಸ್ಸು ಗುಬ್ಬಿಗೆ ಇರಲಿಲ್ಲ. ಸಿಗದಿದ್ದರೆ ಎಂಬ ಪ್ರಶ್ನೆಯನ್ನು ಅವಳು ತಲೆಯೊಳಗೆ ಬಿಟ್ಟುಕೊಂಡೇ ಇರಲಿಲ್ಲ.

ರೈಲು ಊರು ದಾಟಿದ ಮೇಲೆ ಗಿಣಿ ಬುತ್ತಿ ಬಿಚ್ಚಿದಳು, ಮತ್ತೆ ಹಾಗೇ ಕಟ್ಟಿಟ್ಟಳು. ಎದುರು ಸೀಟಿನಲ್ಲಿ ಒಬ್ಬ ನಿವೃತ್ತ ಅಂಚೆಯಣ್ಣ, ಅವನ ಹೆಂಡತಿ. ಎಲ್ಲಿಗೆ, ಯಾಕೆ ಎಂದು ಕೇಳದೆ ಬಿಡುವವರಲ್ಲ ಅವರು. ಗುಬ್ಬಿಯೂ ಹೇಳದೆ ಬಿಡುವವಳಲ್ಲ.

“ಆ ಊರಿಗಾ! ಅಲ್ಲಿ ಕಾಗೆಗಳೂ ಶ್ರುತಿ ತಪ್ಪಲ್ಲವಂತೆ,” ಎಂದ ಅಂಚೆಯಣ್ಣ. “ಹಾಗಾದ್ರೆ ಒಂದು ಹಾಡಿ ನೋಡೋಣ. ಅವರಿಗಿಂತ ಮೊದಲು ನಾವೇ ಪಾಸು ಮಾಡಿಬಿಡ್ತೀವಿ.”

ಗಿಣಿ ಬೇಡವೆಂದು ಕಣ್ಸನ್ನೆ ಮಾಡಿದಳು. ಗುಬ್ಬಿ ಆಗಲೇ ಶುರು ಮಾಡಿಯಾಗಿತ್ತು. ವಿಧಿಯಿಲ್ಲದೆ ಗಿಣಿಯೂ ಸೇರಿಕೊಂಡಳು. ಮೇಲಿನ ದನಿ ಗಿಣಿಯದು, ಕೆಳಗಿನದು ಗುಬ್ಬಿಯದು. ಬೋಗಿಯಲ್ಲಿ ಇಸ್ಪೀಟು ಆಡುತ್ತಿದ್ದವರು ಎಲೆ ಕೈಯಲ್ಲೇ ಹಿಡಿದು ತಿರುಗಿದರು.

ಎರಡನೇ ಸಾಲಿನಲ್ಲಿ ಸಣ್ಣದೊಂದು ಎಡವಟ್ಟಾಯಿತು. ಗಿಣಿ ಉಸಿರೆಳೆಯಬೇಕಾದ ಕಡೆ ಎಳೆಯಲಿಲ್ಲ, ಹಾಗೇ ಮುಂದೆ ಹೋಗಿ, ಗುಬ್ಬಿಯ ಪಾಲಿನ ಜಾಗದ ಸ್ವಲ್ಪ ಮೊದಲು ಚೂರೇ ಚೂರು ಕದ್ದು ಎಳೆದುಕೊಂಡಳು. ಕೇಳುವವರಿಗೆ ಏನೂ ತಿಳಿಯಲಿಲ್ಲ. ಗುಬ್ಬಿಗೆ ಮಾತ್ರ ಮೆಟ್ಟಿಲು ಇದೆ ಎಂದು ಇಟ್ಟ ಕಾಲಿಗೆ ಮೆಟ್ಟಿಲು ಸಿಗದ ಹಾಗಾಯಿತು.

“ನೀವಿಬ್ರೂ ಉಸಿರಾಡೋದು ಯಾವಾಗ್ರಮ್ಮ?” ಎಂದಳು ಅಂಚೆಯಣ್ಣನ ಹೆಂಡತಿ. ಗುಬ್ಬಿ ಹಿಗ್ಗಿ ಹೀರೇಕಾಯಿಯಾದಳು. ಆಮೇಲೆ ಮೆಲ್ಲಗೆ ಗಿಣಿಯ ಕಿವಿಯಲ್ಲಿ, “ಎರಡನೇ ಸಾಲಲ್ಲಿ ಏನಾಯ್ತೇ ನಿನಗೆ?” ಎಂದಳು.

“ಮರೆತೆ,” ಎಂದಳು ಗಿಣಿ, ಕಿಟಕಿಯ ಕಡೆ ತಿರುಗಿ.

“ನಾಳೆ ಅಲ್ಲಿ ಮರೀಬೇಡ ಮಾರಾಯ್ತಿ. ನಾನು ಮನೆ ಮಠ ಬಿಟ್ಟು ಬಂದಿದ್ದೀನಿ.”

ಸ್ವಲ್ಪ ಹೊತ್ತಾದ ಮೇಲೆ ಗಿಣಿಯ ತಲೆ ಗುಬ್ಬಿಯ ಭುಜಕ್ಕೆ ಒರಗಿತು. ನಿದ್ದೆ ಬಂದಿದೆ ಎಂದುಕೊಂಡು ಗುಬ್ಬಿ ಮಧ್ಯಾಹ್ನವೆಲ್ಲ ಭುಜ ಅಲ್ಲಾಡಿಸದೆ ಕೂತಳು. ಇಂಥ ಮೂಢರು ಲೋಕದಲ್ಲಿ ಇರುವುದರಿಂದಲೇ ಉಳಿದವರಿಗೆ ಒಳ್ಳೆಯ ನಿದ್ದೆ ಬರುವುದು.

ಸಂಜೆ ಇಳಿದ ಊರು ಹೆಸರಿಗೆ ತಕ್ಕ ಹಾಗೇ ಇತ್ತು. ನಿಲ್ದಾಣದಿಂದ ಲಾಡ್ಜಿನವರೆಗೆ ಒಂದು ಇಡೀ ರಸ್ತೆ ವಾದ್ಯದ ಅಂಗಡಿಗಳದೇ. ಒಂದು ಕಡೆ ತಂತಿ ಬಿಗಿಯುತ್ತಿದ್ದರು, ಇನ್ನೊಂದು ಕಡೆ ಚರ್ಮ ಎಳೆಯುತ್ತಿದ್ದರು, ಮಹಡಿಯ ಕಿಟಕಿಯಿಂದ ಯಾವಳೋ ಹುಡುಗಿ ಒಂದೇ ಸ್ವರವನ್ನು ಹಲ್ಲುಜ್ಜಿದ ಹಾಗೆ ಉಜ್ಜುತ್ತಿದ್ದಳು. ಲಾಡ್ಜಿನ ಗೋಡೆಯ ಮೇಲೆ ‘ಕೋಣೆಯಲ್ಲಿ ಸಾಧನೆ ಮಾಡಬಾರದು’ ಎಂದು ಬರೆದಿತ್ತು. ಗುಬ್ಬಿ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಮ್ಮೂರಲ್ಲಿ ಉಗುಳಬಾರದು ಅಂತ ಬರೀತಾರೆ, ಇಲ್ಲಿ ಹಾಡಬಾರದು ಅಂತ! ಇಲ್ಲೇ ಇದ್ದುಬಿಡೋಣ ಕಣೇ, ಸಾಯೋವರೆಗೂ.” ದಾರಿಯುದ್ದಕ್ಕೂ ಬಾಡಿಗೆ ಮನೆಗಳ ಬಾಲ್ಕನಿ ನೋಡುತ್ತ, ಇದರಲ್ಲಿ ಬಟ್ಟೆ ಒಣಗಿಸಬಹುದು, ಅದರಲ್ಲಿ ಬಿಸಿಲು ಬರೋದಿಲ್ಲ ಎಂದು ಸಂಸಾರ ಹೂಡಿಯೇಬಿಟ್ಟಿದ್ದಳು.

ಮರುದಿನ ಬೆಳಿಗ್ಗೆ ಮಂಡಳಿಯ ಕಟ್ಟಡದ ಓಣಿಯಂಥ ವರಾಂಡದಲ್ಲಿ ಬೆಂಚಿನ ಮೇಲೆ ಕೂತರು. ಕೂಗಿದಾಗ ಇಬ್ಬರೂ ಒಟ್ಟಿಗೆ ಎದ್ದರು. ಬಾಗಿಲಲ್ಲಿದ್ದ ಗುಮಾಸ್ತ ಕೈ ಅಡ್ಡ ಹಿಡಿದ.

“ಒಬ್ಬೊಬ್ಬರೇ.”

“ನಾವು ಜೋಡಿ ಸಾರ್,” ಎಂದಳು ಗುಬ್ಬಿ.

“ಇಲ್ಲಿ ಜೋಡಿ ಗೀಡಿ ಇಲ್ಲಮ್ಮ. ಒಂದೊಂದು ದನಿ ಬೇರೆ ಬೇರೆ ಕೇಳ್ತಾರೆ.”

ಗುಬ್ಬಿ ಗೆಳತಿಯ ಮುಖ ನೋಡಿದಳು. ಗಿಣಿ ಗೋಡೆಯ ಮೇಲಿನ ಹಳೆಯ ಸಂಗೀತ ಕಛೇರಿಯ ಪಟವನ್ನು ನೋಡುತ್ತಿದ್ದಳು. “ನೀನೇ ಮೊದಲು ಹೋಗು,” ಎಂದಳು.

ಒಳಗೆ ಮೂವರು ಕೂತಿದ್ದರು. ನಡುವಿನ ನಿರ್ದೇಶಕಿ ಕಣ್ಣು ಮುಚ್ಚಿಕೊಂಡು, ಶುರು ಮಾಡಿ ಎಂದು ಕೈ ಆಡಿಸಿದರು. ಗುಬ್ಬಿ ಶುರು ಮಾಡಿದಳು. ದನಿ ನಡುಗಲಿಲ್ಲ, ಶ್ರುತಿ ಸರಿಯಾಗಿತ್ತು. ಮೊದಲ ಸಾಲಿನ ನಡುವೆ ತನ್ನ ಪಾಲಿನ ಜಾಗ ಬಂದಾಗ ಅವಳು ಉಸಿರೆಳೆದುಕೊಂಡಳು. ಒಲೆಯ ಮುಂದೆ ಇನ್ನೊಬ್ಬಳಿದ್ದಾಳೆ ಎಂಬ ನೆಮ್ಮದಿಯಲ್ಲಿ ಹಿತ್ತಲಿಗೆ ಹೋಗಿ ಬರುವ ಹೆಂಗಸಿನ ಹಾಗೆ, ನಿಧಾನವಾಗಿ, ತುಂಬು ಉಸಿರು.

ಕೋಣೆಯಲ್ಲಿ ಸದ್ದೇ ಇರಲಿಲ್ಲ. ಹಾಡು ಅಲ್ಲಿ ಇರಲೇ ಇಲ್ಲ.

ಗಾಬರಿಯಿಂದ ಮುಂದಿನ ಪದಕ್ಕೆ ಹಾರಿದಳು. ಮತ್ತೆ ಅದೇ ಆಯಿತು. ನಿಲ್ಲಬಾರದು ಎಂದು ತಲೆ ಹೇಳುತ್ತಿತ್ತು, ಜಾಗ ಬಂದ ಕೂಡಲೇ ಗಂಟಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಉಸಿರು ಕಟ್ಟಿ ದಾಟಲು ಹೋದಾಗ ದನಿ ಸೀಳಿತು. ನಿರ್ದೇಶಕಿ ಕಣ್ಣು ಬಿಟ್ಟರು.

“ಯಾಕಮ್ಮ, ನಡುನಡುವೆ ನಿಂತುಬಿಡ್ತೀರಿ? ಮೈ ಹುಷಾರಿಲ್ವಾ?”

“ಅಲ್ಲ ಮೇಡಂ, ಅದು ಅವಳ… ಅಲ್ಲಿ ನನ್ನ ಗೆಳತಿ ಇರ್ತಾಳೆ.”

ಪಕ್ಕದವನು ನಗು ತಡೆದುಕೊಂಡ. ನಿರ್ದೇಶಕಿ ನಗಲಿಲ್ಲ. ಸಾಕಮ್ಮ ಎಂದು ಮೃದುವಾಗಿಯೇ ಹೇಳಿದರು. ಆ ಮೃದುತನಕ್ಕಿಂತ ಅವನ ನಗುವೇ ವಾಸಿಯಾಗಿತ್ತು.

ಹೊರಗೆ ಬಂದಾಗ ಗುಬ್ಬಿಗೆ ತನ್ನ ಗತಿಯ ನೆನಪಾಗಲಿಲ್ಲ, ಗಿಣಿಯ ಗತಿಯ ನೆನಪಾಯಿತು. ಓಡಿ ಹೋಗಿ ಅವಳ ಎರಡೂ ತೋಳು ಹಿಡಿದಳು. “ಲೇ, ಕೇಳಿಲ್ಲಿ, ನನ್ನದು ಹಾಳಾಯ್ತು. ನೀನು ನಿನ್ನ ಜಾಗದಲ್ಲಿ ನಿಲ್ಲಬೇಡ. ನಾನಿಲ್ಲ ಅನ್ನೋದನ್ನ ತಲೇಲಿಟ್ಕೋ. ಉಸಿರು ಕದ್ದು ಎಳ್ಕೊ, ಚೂರೇ ಚೂರು, ಪದ ಮುಗಿಯೋ ಮೊದಲು…”

“ಗೊತ್ತು,” ಎಂದಳು ಗಿಣಿ. ಗುಬ್ಬಿಯ ಕೆನ್ನೆ ತಟ್ಟಿ ಒಳಗೆ ಹೋದಳು.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಗುಬ್ಬಿ ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ದನಿ ನಿಲ್ಲುವ ಮೊದಲ ಹಳ್ಳಕ್ಕೆ ಕಾದಳು. ಹಳ್ಳ ಬರಲಿಲ್ಲ. ಎರಡನೆಯದೂ ಬರಲಿಲ್ಲ. ಗಿಣಿಯ ದನಿ ಒಂದೇ ಎಳೆಯಾಗಿ ಹರಿಯುತ್ತಿತ್ತು. ಹೊಸ ಹೊಸ ಜಾಗಗಳಲ್ಲಿ, ಬೇರೆ ಯಾರಿಗೂ ಕೇಳಿಸದ ಹಾಗೆ, ಸೂಜಿ ಚುಚ್ಚಿ ತೆಗೆದಷ್ಟು ಚುಟುಕಾಗಿ ಅವಳು ಉಸಿರೆಳೆದುಕೊಳ್ಳುತ್ತಿದ್ದಳು. ಗುಬ್ಬಿಯ ಪಾಲಿನ ಕಡೆ ಅವಳೇ ಇದ್ದಳು, ತನ್ನ ಪಾಲಿನ ಕಡೆಯೂ ಅವಳೇ ಇದ್ದಳು. ಮೊದಲು ಗುಬ್ಬಿಗೆ ಸಂತೋಷವಾಯಿತು, ಅದನ್ನು ಹೇಳದಿದ್ದರೆ ಅವಳಿಗೆ ಅನ್ಯಾಯ. ಆಮೇಲೆ ಲೆಕ್ಕ ಹಾಕಿದಳು. ಮೂವತ್ತು ವರ್ಷದ ರೂಢಿ ಒಂದು ಬೆಳಿಗ್ಗೆ ಬಿಟ್ಟುಹೋಗುವಂಥದ್ದಲ್ಲ. ಅದನ್ನು ಅಳಿಸಿ ಬೇರೆ ಕೂರಿಸಲು ತಿಂಗಳುಗಟ್ಟಲೆ ಬೇಕು. ಹಾಗಾದರೆ ತಿಂಗಳುಗಟ್ಟಲೆ ಇವಳು ತಾನಿಲ್ಲದ ಹಾಡನ್ನು ಕಲಿಯುತ್ತಿದ್ದಳು, ಸಂಜೆಗೆ ತನ್ನ ಪಕ್ಕದಲ್ಲಿ ಕೂತು ಹಳೆಯದನ್ನು ಹಾಡುತ್ತಿದ್ದಳು.

ಹೊರಗೆ ಬಂದ ಗಿಣಿಯ ಮುಖವೇ ಫಲಿತಾಂಶ ಹೇಳುತ್ತಿತ್ತು.

“ಎಷ್ಟು ದಿನದಿಂದ?” ಎಂದಳು ಗುಬ್ಬಿ.

ಗಿಣಿ ನಾಟಕ ಮಾಡಲಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡಳು. ಬೆಂಚಿನ ಮೇಲೆ ಕೂತು ಎಲ್ಲ ಹೇಳಿದಳು. ಹೋದ ಬೇಸಿಗೆಯಲ್ಲಿ ಇದೇ ನಿರ್ದೇಶಕಿ ಊರಿನ ಯಾವುದೋ ಮದುವೆಗೆ ಬಂದಿದ್ದರು, ಇವರ ಹಾಡು ಕೇಳಿದ್ದರು, ಊಟದ ಹೊತ್ತಿಗೆ ಗಿಣಿಯನ್ನು ಪಕ್ಕಕ್ಕೆ ಕರೆದು, ಮೇಲಿನ ದನಿ ನನಗೆ ಬೇಕು, ಒಬ್ಬಳೇ ಹಾಡೋದನ್ನು ಕಲಿತುಕೊಂಡು ಬಾ ಎಂದಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ಔಷಧಿ ಅಂಗಡಿಯ ಗೋದಾಮಿನಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ಸಾಧನೆ.

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನು ಬರ್ತಿದ್ಯಾ? ನೀನು ಬರದಿದ್ರೆ ಅತ್ತೆ ನನ್ನನ್ನ ಬಿಡ್ತಿದ್ರಾ?”

“ಅಂದ್ರೆ ನಾನು ನಿನ್ನ ರೈಲು ಟಿಕೆಟ್ಟು.”

“ಹಾಗನ್ನಬೇಡ ಕಣೇ. ನಿನಗೂ ಸಿಕ್ಕರೆ ಸಿಗಲಿ ಅಂತಾನೇ ಇದ್ದೆ. ದೇವರಾಣೆ.” ಗಿಣಿ ಅವಳ ಕೈ ಹಿಡಿದುಕೊಂಡಳು. “ಈಗ ನನ್ನ ಮಾತು ಕೇಳು. ಅತ್ತೆಗೆ ಇಬ್ರಿಗೂ ಸಿಕ್ತು ಅಂತ ಹೇಳು. ರೂಮು ಹೇಗೂ ಕೊಡ್ತಾರೆ, ಇಬ್ರೂ ಇರೋಣ. ಕನ್ನಡಕದ ಅಂಗಡಿ ಈ ಊರಲ್ಲಿ ಬೇಕಾದಷ್ಟಿವೆ, ನಿನ್ನಂಥ ಕೈಯನ್ನ ಯಾರು ಬೇಡ ಅಂತಾರೆ? ನೀನೂ ವಾಪಸ್ ಹೋಗಿ ಮಾಡೋದೇನಿದೆ, ಹೇಳು?”

ಕೊನೆಯ ಮಾತು ನಿಜವಾಗಿತ್ತು. ಅದಕ್ಕೇ ಅದು ಗುಬ್ಬಿಯ ಮೈಯೆಲ್ಲ ಉರಿಸಿತು. ತನಗೆ ಹೋಗಲು ಜಾಗವಿಲ್ಲ ಎನ್ನುವುದನ್ನೂ ಇವಳು ಮೊದಲೇ ಲೆಕ್ಕಕ್ಕೆ ಹಿಡಿದಿದ್ದಾಳೆ.

ಅಷ್ಟರಲ್ಲಿ ಗಿಣಿಯ ಫೋನು ಹೊಡೆದುಕೊಂಡಿತು. ಅತ್ತೆ. “ನಿನ್ನ ಬಾಯಿಂದಾನೇ ಕೇಳಬೇಕಂತೆ,” ಎಂದು ಗಿಣಿ ಅದನ್ನು ಚಾಚಿದಳು. ಅವಳ ಕಣ್ಣಲ್ಲಿದ್ದ ಅಂಗಲಾಚುವಿಕೆ ನೋಡಿ ಗುಬ್ಬಿಗೆ ಮೊದಲ ಸಲ ಹಾಯೆನಿಸಿತು. ಇವಳೊಬ್ಬಳಿಗೇ ಸಿಕ್ಕಿತು ಎಂದು ನಿಜ ಹೇಳಿದರೂ ಸಾಕಿತ್ತು, ಮುಂದಿನ ರೈಲಿಗೆ ವಾಪಸ್ ಕರೆಸಿಕೊಳ್ಳುತ್ತಿದ್ದರು. ಆದರೆ ಆಗ ಊರಿಗೆಲ್ಲ ಗಿಣಿ ಗೆದ್ದವಳು, ಗುಬ್ಬಿ ಸೋತವಳು. ಅದು ಬೇಡ.

“ಅಮ್ಮಾ, ಇಬ್ರಿಗೂ ಸಿಗಲಿಲ್ಲ. ಸಂಜೆ ರೈಲಿಗೆ ಬರ್ತೀವಿ.”

ಗಿಣಿ ಬೆಂಚಿನ ಅಂಚು ಹಿಡಿದುಕೊಂಡಳು. ಆ ಕಡೆಯಿಂದ ಅತ್ತೆಯ ನಿಟ್ಟುಸಿರು ಕೇಳಿಸಿತು, ಆಮೇಲೆ ನಗು.

“ಹೊಟ್ಟೆಗೆ ಹಾಲು ಹೊಯ್ದ ಹಾಗಾಯ್ತು ಕಣಮ್ಮ. ನಿನ್ನ ಹತ್ರ ಮುಚ್ಚುಮರೆ ಏನು? ಇವಳೊಬ್ಬಳೇ ಹಾಡಿದ್ರೆ ಎತ್ತಿ ತಲೆ ಮೇಲೆ ಕೂರಿಸ್ಕೋತಾರೆ ಅಂತ ನನ್ನ ಮಗ ಹೆದರಿದ್ದ. ನಾನೇ ಹೇಳಿದೆ, ಗುಬ್ಬಿ ಪಕ್ಕದಲ್ಲಿದ್ರೆ ನಮಗೇನೂ ಭಯ ಇಲ್ಲ, ಅವಳನ್ನ ಯಾರು ತಗೋತಾರೆ, ಅವಳಿಗೆ ಸಿಗದಿದ್ರೆ ಇವಳೂ ವಾಪಸ್ ಅಂತ. ಅದಕ್ಕೇ ಹಾಗೆ ಮಾತು ಕೊಟ್ಟಿದ್ದು. ನೀನು ಬೇಜಾರು ಮಾಡ್ಕೋಬೇಡ. ನಿನ್ನದೂ ಒಂದು ದನಿಯೇ, ಇಲ್ಲ ಅನ್ನಲ್ಲ. ಊರಿಗೆ ಬಾ, ನಿನಗೊಂದು ಒಳ್ಳೆ ಬಟ್ಟೆ ತೆಗೆಸಿಕೊಡ್ತೀನಿ.”

ಹೆಂಗಸಿನ ದನಿಯಲ್ಲಿ ಒಂದಿಷ್ಟೂ ವಿಷವಿರಲಿಲ್ಲ. ಮನೆಯವರ ಹತ್ತಿರ ಮಾತಾಡುವ ಸಲಿಗೆಯಿತ್ತು. ಮುಂದಿನ ಮಾತನ್ನು ಗುಬ್ಬಿ ಯೋಚಿಸಿ ಆಡಲಿಲ್ಲ.

“ಅಮ್ಮಾ, ತಮಾಷೆ ಮಾಡಿದೆ. ಸಿಕ್ಕಿದೆ.”

“ಏನಂದೆ?”

“ಇಬ್ರಿಗೂ ಸಿಕ್ಕಿದೆ. ನನ್ನನ್ನೇ ಮೊದಲು ಒಪ್ಪಿದ್ದು. ಕೆಳಗಿನ ದನಿ ಇಷ್ಟು ಗಟ್ಟಿಯಾಗಿ ಹಿಡಿಯೋರು ಈ ಊರಲ್ಲೇ ಇಲ್ಲವಂತೆ. ನಾಳೆಯಿಂದಲೇ ಬರಬೇಕಂತೆ. ನೀವು ಎಲ್ಲರ ಮುಂದೆ ಮಾತು ಕೊಟ್ಟಿದ್ದೀರಿ.”

ಆ ಕಡೆ ಫೋನು ಕಟ್ಟಾಯಿತು.

ಗಿಣಿ ಅಳುತ್ತ ಬಂದು ಅವಳನ್ನು ಅಪ್ಪಿಕೊಂಡಳು. “ನನ್ನ ಜೀವಾನೇ ಹೋಗಿತ್ತು ಕಣೇ! ತಮಾಷೆಗೂ ಒಂದು ಮಿತಿ ಬೇಡ್ವಾ? ನೀನು ನನ್ನ ಕೈ ಬಿಡಲ್ಲ ಅಂತ ನನಗೆ ಗೊತ್ತಿತ್ತು. ನಿನ್ನ ಋಣ ಈ ಜನ್ಮದಲ್ಲಿ ತೀರಲ್ಲ.” ಗುಬ್ಬಿ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ನಿಂತಿದ್ದಳು. ಅತ್ತೆ ಏನು ಹೇಳಿದರೆಂದು ಅವಳು ಹೇಳಲಿಲ್ಲ. ಹೇಳಿದರೆ ಗಿಣಿ ಸಮಾಧಾನ ಮಾಡಲು ಬರುತ್ತಾಳೆ. ಸಮಾಧಾನ ಮಾಡುವ ಅವಸರದಲ್ಲಿ, ಗುಬ್ಬಿಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ ಎಂದು ತನಗೂ ಮೊದಲಿಂದ ಗೊತ್ತಿತ್ತು ಎಂಬಂತೆ ಮುಖ ಮಾಡಿಬಿಟ್ಟರೆ?

ಒಳಗಿನಿಂದ ಕರೆ ಬಂತು. ಗಿಣಿ ಮುಖ ಒರೆಸಿಕೊಂಡು, ಎರಡೂ ಚೀಲಗಳನ್ನು ಗುಬ್ಬಿಯ ಕಾಲ ಬಳಿ ಇಟ್ಟು, “ನೋಡ್ಕೊಂಡಿರು, ಬಂದೆ,” ಎಂದು ಹೋದಳು.

ಮುಂದಿನ ಸರದಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಬೆಂಚಿನ ಮೇಲೆ ಹತ್ತಿರ ಸರಿದಳು. ಅವಳ ಕೈಗಳು ಒದ್ದೆಯಾಗಿದ್ದವು, ಸೀರೆಗೆ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದಳು.

“ಅಕ್ಕಾ, ನಿಮಗೆ ಸಿಕ್ತಾ?”

“ಸಿಕ್ತು,” ಎಂದಳು ಗುಬ್ಬಿ.